ಕೊನೆಯ ಪಂಕ್ತಿಯವರು

ಶಿವರಾತ್ರಿ ಕಳೆಯಿತೆಂದರೆ ನಮ್ಮ ಬೀದಿಯ ಹೆಂಗಸರ ಬಾಯಲ್ಲಿ ಒಂದೇ ಮಾತು: "ಏನ್ರೀ ಈ ಎಲೆ! ಗುಡಿಸಿ ಒಳಗೆ ಬರೋಷ್ಟರಲ್ಲಿ ಮತ್ತೆ ಅಷ್ಟೇ ಬಿದ್ದಿರತ್ತೆ." ಎದುರು ಮನೆಯವರದು ಬಾದಾಮಿ ಮರ, ಪಕ್ಕದವರದು ಹಲಸು, ರಸ್ತೆಯಂಚಿಗೆ ಸಾಲು ಹೊಂಗೆ. ನಮ್ಮ ಹಿತ್ತಿಲಿನಲ್ಲೊಂದು ಹಳೆಯ ಮಾವು. ಯಾರ ಮರದ ಎಲೆ ಯಾರ ಅಂಗಳಕ್ಕೆ ಬಿತ್ತು ಎಂಬುದರ ಮೇಲೆ ವರ್ಷಕ್ಕೊಂದೆರಡು ಮನಸ್ತಾಪಗಳೂ ಆಗುತ್ತವೆ. ಬೆಳಿಗ್ಗೆ ಏಳರ ಹೊತ್ತಿಗೆ ರಸ್ತೆಯುದ್ದಕ್ಕೂ ಸಣ್ಣ ಸಣ್ಣ ಗುಡ್ಡೆಗಳು, ಏಳೂವರೆಗೆ ಹೊಗೆ. ಒಣಗಲು ಹಾಕಿದ ಬಟ್ಟೆಗೂ ಹೊಗೆ ವಾಸನೆ, ಶಾಲೆಗೆ ಹೊರಟ ನನ್ನ ತಲೆಗೂ ಹೊಗೆ ವಾಸನೆ. ನಮ್ಮ ಮನೆಯ ಎಲೆ ಮಾತ್ರ ಅತ್ತೆಯವರ ಕಾಲದಿಂದಲೂ ಹಿತ್ತಿಲ ಗುಂಡಿಗೇ ಹೋಗುತ್ತದೆ. ಅದು ನನ್ನ ಹೆಚ್ಚುಗಾರಿಕೆಯಲ್ಲ. ಅತ್ತೆಯವರಿಗೆ ಬೆಂಕಿ ಎಂದರೆ ಆಗುತ್ತಿರಲಿಲ್ಲ, ನನಗೆ ಗುಂಡಿ ಎಂದರೆ ತವರಿನ ನೆನಪು, ಅಷ್ಟೆ.

ನನ್ನ ತವರು ಸಾಗರದ ಕಡೆಯ ಒಂದು ಅಡಿಕೆ ತೋಟದ ಹಳ್ಳಿ. ಬಯಲುಸೀಮೆಯವರು ತರಗು ಎನ್ನುವ ಒಣ ಎಲೆಗೆ ನಮ್ಮಲ್ಲಿ ದರಕು ಎನ್ನುತ್ತಾರೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರುವುದು ದೊಡ್ಡವರ ಕೆಲಸ, ಬುಟ್ಟಿಯಲ್ಲಿ ಹಾಕಿ ತುಳಿಯುವುದು ನಮ್ಮಂಥ ಮಕ್ಕಳ ಕೆಲಸ. ಆ ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿಗೆಯಾಗಿ, ಸಗಣಿ ಗಂಜಳದಲ್ಲಿ ನೆನೆದು, ಗೊಬ್ಬರದ ಗುಂಡಿ ಸೇರಿ, ಕೊನೆಗೆ ಅಡಿಕೆ ಮರದ ಬುಡಕ್ಕೆ ಹೋಗುತ್ತಿತ್ತು. ತೋಟಕ್ಕೆ ಸೊಪ್ಪು, ದರಕು ಬೇಕೆಂದೇ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟ ಎಂಬ ವ್ಯವಸ್ಥೆ ಬಂದಿದೆ. ಉತ್ತರ ಕನ್ನಡದಲ್ಲಂತೂ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದರು. ಒಂದು ಎಕರೆ ಉಣ್ಣಲು ಒಂಬತ್ತು ಎಕರೆಯ ಎಲೆ! ಎಲೆಯ ಬೆಲೆ ಏನೆಂದು ಆ ಕಾಲದವರಿಗೆ ಗೊತ್ತಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ದರಕಿನ ಅಡಿಯಲ್ಲಿ ಒಂದು ಪ್ರಪಂಚವೇ ಇತ್ತು. ಎರೆಹುಳು, ಗೆದ್ದಲು, ಕಣ್ಣಿಗೆ ಕಂಡೂ ಕಾಣದಂತೆ ಚಿಮ್ಮುವ ಬಿಳಿಯ ಚುಕ್ಕಿಯಂಥ ಹುಳಗಳು, ಸಾವಿರ ಕಾಲಿನ ಹುಳಗಳು. ಅವುಗಳಲ್ಲಿ ಮುಟ್ಟಿದರೆ ಮುದುಡಿ ಗುಂಡಗಾಗುವ ಒಂದು ಜಾತಿ ನಮಗೆ ಅಚ್ಚುಮೆಚ್ಚು. ನುಣುಪಾಗಿ ಹೊಳೆಯುತ್ತ, ಚಿಕ್ಕ ಅಡಿಕೆಯಷ್ಟು ಗಾತ್ರಕ್ಕೆ ಉಂಡೆಯಾಗಿಬಿಡುತ್ತಿತ್ತು. ಅಣ್ಣ ಅದನ್ನು ಗೋಲಿಯಂತೆ ಉರುಳಿಸುತ್ತಿದ್ದ, ಅಮ್ಮ ಬೈಯುತ್ತಿದ್ದಳು: "ಅದರ ಪಾಡಿಗೆ ಅದು ಉಣ್ತಾ ಇದೆ, ಬಿಡು." ಆ ಹುಳಕ್ಕೆ ಆರ್ತ್ರೋಸ್ಫೇರಾ ಎಂಬ ಭಾರಿ ಹೆಸರಿದೆ ಎಂದೂ, ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಅವರ ಸಂಗಡಿಗರು ಅದು ಯಾವ ಎಲೆಯನ್ನು ಇಷ್ಟಪಟ್ಟು ತಿನ್ನುತ್ತದೆ, ಅದರ ಹಿಕ್ಕೆ ಎಂಥ ಗೊಬ್ಬರವಾಗುತ್ತದೆ ಎಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆಂದೂ ತಿಳಿದದ್ದು ನನಗೆ ಐವತ್ತು ದಾಟಿದ ಮೇಲೆ.

ತಿಳಿಯುವಂತೆ ಮಾಡಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ನಾನು ಕನ್ನಡ, ಸಮಾಜ ಪಾಠ ಮಾಡುವವಳು. ಬಿ.ಎ., ಬಿ.ಎಡ್. ವಿಜ್ಞಾನದ ಮೇಷ್ಟ್ರು ತರಬೇತಿಗೆ ಹೋದ ಒಂದು ವಾರ ಅವರ ತರಗತಿ ನನ್ನ ಪಾಲಿಗೆ ಬಂದಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ, ಭೂಮಿ ಬಿಸಿಯಾಗುತ್ತಿದೆ ಎಂದು ಪುಸ್ತಕದಲ್ಲಿದ್ದುದನ್ನು ಓದಿಸಿದೆ. ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. "ಮೇಡಂ, ಅದು ಗಿಡಗಳ ಊಟ ಅಂತ ಏಳನೇ ಕ್ಲಾಸಲ್ಲಿ ಓದಿದ್ವಿ. ಊಟ ಜಾಸ್ತಿ ಆದ್ರೆ ಗಿಡಕ್ಕೆ ಒಳ್ಳೇದಲ್ವಾ?"

ಒಳ್ಳೆಯ ಪ್ರಶ್ನೆ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಎರಡು ತಿಂಗಳು ಎಳೆಯಿತು. ವಿಜ್ಞಾನದ ಮೇಷ್ಟ್ರು ಮರಳಿದ ಮೇಲೆ ಅವರನ್ನು ಕಾಡಿ, ಮೈಸೂರಿನಲ್ಲಿ ಓದುತ್ತಿರುವ ಅಕ್ಕನ ಮಗಳನ್ನು ಕಾಡಿ, ಅವಳು ಕಳಿಸಿದ ಲೇಖನಗಳನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಓದುತ್ತ ಹೋದಂತೆ ಇದು ಹೊಗೆಗೊಳವೆ, ಹಿಮಪರ್ವತಗಳ ಸಂಗತಿ ಮಾತ್ರವಲ್ಲ, ನಮ್ಮ ಗುಂಡಿಯ ಸಂಗತಿಯೂ ಹೌದು ಎನಿಸತೊಡಗಿತು.

ಮೊದಲು ಲೆಕ್ಕ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಅಳೆಯಲು ತೊಡಗಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಾಲು ಇತ್ತು. ಕಾರ್ಖಾನೆಗಳು ಹುಟ್ಟುವ ಮೊದಲು ಸುಮಾರು 280. 2024ರ ಸರಾಸರಿ 420ನ್ನು ದಾಟಿದೆ. ನಾನು ಹುಟ್ಟಿದಾಗ ಉಸಿರಾಡಿದ ಗಾಳಿಯೂ ಈಗ ಉಸಿರಾಡುತ್ತಿರುವ ಗಾಳಿಯೂ ಒಂದೇ ಅಲ್ಲ.

ಆ ಹುಡುಗಿ ಹೇಳಿದ್ದು ಸುಳ್ಳಲ್ಲ. ಹೆಚ್ಚು ಇಂಗಾಲ ಸಿಕ್ಕಿದರೆ ಗಿಡ ಹೆಚ್ಚು ಸಕ್ಕರೆ ತಯಾರಿಸುತ್ತದೆ, ಅನೇಕ ಮರಗಳು ಹೆಚ್ಚು ಎಲೆ ಬಿಡುತ್ತವೆ. ಆದರೆ ಎಲೆ ಎಂದರೆ ಬರೀ ಸಕ್ಕರೆಯಲ್ಲವಲ್ಲ. ಪ್ರೋಟೀನು ಕಟ್ಟಲು ಸಾರಜನಕ ಬೇಕು, ಅದು ಬರಬೇಕಾದದ್ದು ಮಣ್ಣಿನಿಂದ. ಗಾಳಿಯಲ್ಲಿ ಇಂಗಾಲ ಹೆಚ್ಚಿತೆಂದು ಮಣ್ಣಿನಲ್ಲಿ ಸಾರಜನಕ ಹೆಚ್ಚುವುದಿಲ್ಲ. ಜೊತೆಗೆ ಇನ್ನೊಂದು ಸಂಗತಿ. ಗಾಳಿಯ ಇಂಗಾಲವನ್ನು ಹಿಡಿದುಕೊಡುವ ರುಬಿಸ್ಕೊ ಎಂಬ ಪ್ರೋಟೀನಿನಲ್ಲೇ ಎಲೆಯ ಸಾರಜನಕದ ದೊಡ್ಡ ಪಾಲು ಕೂತಿರುತ್ತದೆ. ಇಂಗಾಲ ಧಾರಾಳವಾಗಿ ಸಿಗುವಾಗ ಅದನ್ನು ಹಿಡಿಯಲು ಅಷ್ಟು ಆಳುಗಳೇಕೆ ಎಂದು ಗಿಡ ಆಳು ಕಡಿಮೆ ಮಾಡುತ್ತದೆ. ಮಿಕ್ಕ ಇಂಗಾಲವನ್ನು ಟ್ಯಾನಿನ್‌ನಂಥ ಚೊಗರು ಪದಾರ್ಥಗಳಿಗೆ, ಲಿಗ್ನಿನ್ ಎಂಬ ಗಟ್ಟಿ ನಾರಿಗೆ ಸುರಿಯುತ್ತದೆ. ನಾಲ್ಕು ಮಂದಿಗೆ ಮಾಡಿದ ಸಾರಿಗೆ ನೀರು ಬೆರೆಸಿ ಆರು ಮಂದಿಗೆ ಬಡಿಸುವುದು ನಮಗೆ ಗೊತ್ತಿಲ್ಲದ ವಿದ್ಯೆಯೇ? ಪಾತ್ರೆ ತುಂಬಿರುತ್ತದೆ, ಬೇಳೆ ಮಾತ್ರ ತಳದಲ್ಲಿ ಹುಡುಕಬೇಕು.

ಇದನ್ನು ಊಹೆಯಿಂದ ಹೇಳಿದ್ದಲ್ಲ. ಅಮೆರಿಕದ ಉತ್ತರ ಕೆರೊಲಿನಾದ ಡ್ಯೂಕ್ ಕಾಡಿನಲ್ಲಿ ಪೈನ್ ಮರಗಳ ಸುತ್ತ ಕಂಬಗಳನ್ನು ವೃತ್ತಾಕಾರವಾಗಿ ನೆಟ್ಟು, ಕೊಳವೆಗಳಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತ, 1996ರಿಂದ ಹದಿನಾಲ್ಕು ವರ್ಷ ನೋಡಿದರು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ ನೂರು ವರ್ಷ ದಾಟಿದ ಓಕ್ ಮರಗಳ ಕಾಡಿಗೆ 2017ರಿಂದ ಹೀಗೆಯೇ ಮುಂದಿನ ಕಾಲದ ಗಾಳಿಯನ್ನು ಉಣಿಸುತ್ತಿದ್ದಾರೆ. ಕಾಡಿನೊಳಗೆ ಮುಂದೆ ಬರಲಿರುವ ಕಾಲದ ಒಂದು ತುಂಡನ್ನು ಈಗಲೇ ತಂದಿಟ್ಟಂತೆ. ನನಗೆ ಈ ಉಪಾಯ ಬಹಳ ಹಿಡಿಸಿತು.

ಹಸಿರೆಲೆಯಲ್ಲಿ ಸಾರಜನಕ ಇಳಿದದ್ದು ಹಲವು ಪ್ರಯೋಗಗಳಲ್ಲಿ ಚೆನ್ನಾಗಿಯೇ ಕಂಡಿತು. ಉದುರಿದ ಎಲೆಯಲ್ಲಿ ಕತೆ ಅಷ್ಟು ನೇರವಲ್ಲ. ಮರವೂ ಜಾಣ ಗೃಹಿಣಿಯೇ. ಎಲೆ ಉದುರಿಸುವ ಮೊದಲು ಸಾರಜನಕದ ಸುಮಾರು ಅರ್ಧವನ್ನು ಒಳಗೆ ಎಳೆದುಕೊಂಡು ಮುಂದಿನ ಚಿಗುರಿಗೆ ಎತ್ತಿಡುತ್ತದೆ. ಹಾಗಾಗಿ ಕೆಳಗೆ ಬಿದ್ದದ್ದು ಹೇಗಿದ್ದರೂ ಬಡ ಎಲೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2001ರಲ್ಲಿ ನಾರ್ಬಿ ಮತ್ತು ಜೊತೆಗಾರರು ಲೆಕ್ಕ ಹಾಕಿದಾಗ, ಹೆಚ್ಚು ಇಂಗಾಲದಲ್ಲಿ ಬೆಳೆದ ಮರಗಳ ಉದುರೆಲೆಯಲ್ಲಿ ಸಾರಜನಕ ಸರಾಸರಿ ಶೇಕಡಾ 7ರಷ್ಟು ಕಡಿಮೆ, ಲಿಗ್ನಿನ್ ಶೇಕಡಾ 6ಕ್ಕೂ ತುಸು ಹೆಚ್ಚು ಇತ್ತು. ಆದರೆ ಕೊಳೆಯುವ ವೇಗದಲ್ಲಿ ಎಲ್ಲ ಕಡೆಯೂ ಒಂದೇ ಬಗೆಯ ವ್ಯತ್ಯಾಸ ಕಾಣಲಿಲ್ಲ. ಇನ್ನು ಕಾಡೆಲ್ಲ ಕೊಳೆಯದೆ ಬಿದ್ದುಕೊಳ್ಳುತ್ತದೆ ಎಂದು ಬೊಬ್ಬೆ ಹೊಡೆದವರಿಗೆ ಇದರಿಂದ ನಿರಾಶೆಯಾಗಿರಬಹುದು. ನನಗೆ ಈ ಶೇಕಡಾ 7 ಸಣ್ಣದೆಂದು ತೋರಲಿಲ್ಲ. ಮೊದಲೇ ತೆಳ್ಳಗಿರುವ ಗಂಜಿಗೆ ಮತ್ತೊಂದು ಲೋಟ ನೀರು ಸುರಿದರೆ ಕುಡಿಯುವವನಿಗೆ ಗೊತ್ತಾಗದೇ ಇರುತ್ತದೆಯೇ?

ಆ ಕುಡಿಯುವವರ ಕತೆಗೇ ಬರುತ್ತೇನೆ. ಬಿದ್ದ ಎಲೆಯನ್ನು ಹುಳಗಳು ಕೂಡಲೇ ತಿನ್ನುವುದಿಲ್ಲ. ದೋಸೆ ಹಿಟ್ಟು ಹುದುಗು ಬರುವಂತೆ ಎಲೆಗೂ ಹುದುಗು ಬರಬೇಕು. ಬೂಷ್ಟು, ಸೂಕ್ಷ್ಮಜೀವಿಗಳು ಮೊದಲು ಏರಿ, ಎಲೆಯನ್ನು ಮೆದುವಾಗಿಸಿ, ತಮ್ಮ ಮೈಯ ಪ್ರೋಟೀನನ್ನೂ ಸೇರಿಸಿ ರುಚಿಗಟ್ಟುತ್ತವೆ. ಆಮೇಲೆ ಹುಳಗಳ ಸರದಿ. ಚೊಗರು ಹೆಚ್ಚಿ ಸಾರ ಕಡಿಮೆಯಾದ ಎಲೆಯ ಮೇಲೆ ಈ ಹುದುಗೇ ನಿಧಾನ. ಇಂಗ್ಲೆಂಡಿನಲ್ಲಿ 1998ರಲ್ಲಿ ಹೊರಬಂದ ಒಂದು ಅಭ್ಯಾಸದಲ್ಲಿ, ಹೆಚ್ಚು ಇಂಗಾಲದಲ್ಲಿ ಬೆಳೆದ ಆಶ್ ಮರದ ಎಲೆಯನ್ನು ಅಲ್ಲಿನ ಮರಹೇನುಗಳು, ಅಂದರೆ ಒದ್ದೆ ಕಟ್ಟಿಗೆಯ ಅಡಿ ಸಿಗುವ ಬೂದು ಬಣ್ಣದ ಹುಳಗಳು, ಕಡಿಮೆ ತಿಂದವು. ಬೇರೆ ಕೆಲವು ಪ್ರಯೋಗಗಳಲ್ಲಿ ಹುಳಗಳು ಇಂಥ ಎಲೆಯನ್ನೇ ಹೆಚ್ಚು ಹೆಚ್ಚು ತಿಂದವು. ಅರ್ಧ ಲೋಟದಲ್ಲಿ ಸಿಗುತ್ತಿದ್ದ ಸಾರಕ್ಕೆ ಒಂದು ಲೋಟ ಕುಡಿಯಬೇಕಲ್ಲ! ಮಿಶಿಗನ್‌ನಲ್ಲಿ ಆಸ್ಪೆನ್ ಮರಗಳನ್ನು ದುಪ್ಪಟ್ಟು ಇಂಗಾಲದಲ್ಲಿ ಬೆಳೆಸಿ, ಉದುರಿದ ಎಲೆಯನ್ನು ತೊರೆಯ ನೀರಿನ ಹುಳಗಳಿಗೆ ಕೊಟ್ಟಾಗ ಅವು ಕಡಿಮೆ ತಿಂದು ಬಹಳ ನಿಧಾನವಾಗಿ ಬೆಳೆದವು. ಅದೇ ಎಲೆಯನ್ನು ನೆನೆಹಾಕಿದ ನೀರಿನಲ್ಲಿ ಸೊಳ್ಳೆಯ ಮರಿಗಳೂ ನಿಧಾನವಾಗಿ ಬೆಳೆದವು, ಹೆಚ್ಚು ಸತ್ತವು. ಇದನ್ನು ಬೀದಿಯ ಹೆಂಗಸರಿಗೆ ಹೇಳಿದಾಗ ಎದುರು ಮನೆಯಾಕೆ, "ಹಾಗಾದ್ರೆ ಇನ್ನಷ್ಟು ಹೆಚ್ಚಲಿ ಬಿಡಿ" ಎಂದರು. ಸೊಳ್ಳೆಯ ಮಟ್ಟಿಗೆ ನನ್ನದೂ ತಕರಾರಿಲ್ಲ. ಆದರೆ ತೊರೆಯ ಹುಳವನ್ನು ಮೀನು ತಿನ್ನುತ್ತದೆ, ದರಕಿನ ಹುಳವನ್ನು ಹಕ್ಕಿ, ಕಪ್ಪೆ, ಓತಿಕ್ಯಾತ ತಿನ್ನುತ್ತವೆ. ಹುಳ ಎಲೆಯನ್ನು ಪುಡಿ ಮಾಡದಿದ್ದರೆ ಸಾರಜನಕ ಬೇಗ ಮಣ್ಣಿಗೆ ಮರಳುವುದಿಲ್ಲ, ಮರಳದಿದ್ದರೆ ಮರಕ್ಕೆ ಇನ್ನೂ ಕಡಿಮೆ, ಮುಂದಿನ ವರ್ಷದ ಎಲೆ ಇನ್ನೂ ತೆಳು.

ಒಂದು ಸಮಾಧಾನವೂ ಇದೆ. ಇಂಗಾಲ ಸುಲಭವಾಗಿ ಸಿಗುವಾಗ ಎಲೆಗಳು ತಮ್ಮ ಸಣ್ಣ ರಂಧ್ರಗಳನ್ನು ಅಷ್ಟು ತೆರೆಯಬೇಕಾಗಿಲ್ಲ, ನೀರು ಕಡಿಮೆ ಆವಿಯಾಗುತ್ತದೆ. ಮಣ್ಣು ತುಸು ಹೆಚ್ಚು ಕಾಲ ತೇವವಾಗಿದ್ದರೆ ಹುಳಗಳಿಗೆ ಅನುಕೂಲವೇ. ಆದರೆ ಅದೇ ಇಂಗಾಲ ಬಿಸಿಲನ್ನೂ ಏರಿಸುತ್ತದೆ, ಮಳೆಯನ್ನೂ ಹಿಂದೆ ಮುಂದೆ ಮಾಡುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗೆ.

ಇಷ್ಟನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದವಳು ಅಮ್ಮ. ನಮ್ಮ ಮನೆಯಲ್ಲಿ ಕಾರ್ಯಕಟ್ಟಳೆ ಇರಲಿ ಇಲ್ಲದಿರಲಿ, ಮೊದಲ ಪಂಕ್ತಿ ಗಂಡಸರದು, ಎರಡನೆಯದು ಮಕ್ಕಳದು ಮತ್ತು ಬಂದ ನೆಂಟರದು. ಕೊನೆಯ ಪಂಕ್ತಿ ಬಡಿಸಿದವರದು. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ಒಗ್ಗರಣೆಯ ಸಾಸಿವೆ, ಹುಳಿಯ ಪಾತ್ರೆಯಲ್ಲಿ ತಿಳಿ. ಅನ್ನ ಮಾತ್ರ ಯಥೇಚ್ಛ. ಅಮ್ಮ ಎರಡು ಸಲ ಅನ್ನ ಹಾಕಿಕೊಂಡು, ಗೊಜ್ಜಿನಲ್ಲೊಮ್ಮೆ ಮಜ್ಜಿಗೆಯಲ್ಲೊಮ್ಮೆ ಕಲೆಸಿ ಉಂಡು ಏಳುತ್ತಿದ್ದಳು. ಯಾರಾದರೂ ನೋಡಿದರೆ ಎಷ್ಟು ಉಣ್ಣುತ್ತಾಳಪ್ಪಾ ಎನ್ನಬೇಕು. 1986ರಲ್ಲಿ ನಾನು ಪಿ.ಯು.ಸಿ. ಓದುತ್ತಿದ್ದಾಗ ಬಾವಿಕಟ್ಟೆಯ ಬಳಿ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಹಿಮೋಗ್ಲೋಬಿನ್ ಆರೂವರೆ. "ಇಷ್ಟರಲ್ಲಿ ಇವರು ನಡೆದಾಡಿದ್ದೇ ಹೆಚ್ಚು" ಎಂದು ವೈದ್ಯರು ಅಪ್ಪನನ್ನು ತರಾಟೆಗೆ ತೆಗೆದುಕೊಂಡರು. ಅಪ್ಪನಿಗೆ ಅರ್ಥವೇ ಆಗಲಿಲ್ಲ. "ಹೊಟ್ಟೆ ತುಂಬ ಉಣ್ತಾಳಲ್ಲ ಡಾಕ್ಟ್ರೇ" ಎಂದರು. ಅಮ್ಮನೂ ಮಂಚದ ಮೇಲಿಂದ ಅದನ್ನೇ ಹೇಳಿದಳು.

ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ಉಂಡಷ್ಟೂ ಸಾಲದ ಆ ಮರಹೇನಿಗೂ ಅಮ್ಮನಿಗೂ ಹೋಲಿಕೆ ಕೊಟ್ಟೆನೆಂದು ಯಾರೂ ಕೋಪಿಸಿಕೊಳ್ಳಬಾರದು. ಅಮ್ಮ ಕೋಪಿಸಿಕೊಳ್ಳಲಿಲ್ಲ. ಎಂಬತ್ತರ ಹತ್ತಿರವಿದ್ದಾಳೆ ಈಗ. ನಾನು ಇದನ್ನೆಲ್ಲ ವಿವರಿಸಿದಾಗ ಕವಳ ಜಗಿಯುತ್ತ ಕೇಳಿ, "ಹಾಗಾದ್ರೆ ನಿಮ್ಮ ಶಾಲೆಯ ನೀಲಿ ಮಾತ್ರೆ ಆ ಹುಳಕ್ಕೂ ಕೊಡಿ" ಎಂದಳು.

ನೀಲಿ ಮಾತ್ರೆ ಎಂದರೆ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಶಾಲೆಯಲ್ಲಿ ನುಂಗಿಸುವ ಕಬ್ಬಿಣಾಂಶದ ಮಾತ್ರೆ. ಅದನ್ನು ಹಂಚುವಾಗಲೆಲ್ಲ ನನಗೆ ಆ ಬಾವಿಕಟ್ಟೆ ಕಣ್ಣಮುಂದೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಎಲೆಗೆ ಆದದ್ದೇ ಕಾಳಿಗೂ ಆಗುತ್ತದೆ ಎಂದು ತಿಳಿದಾಗ ನಾನು ಬೆಚ್ಚಿದ್ದು ಇದಕ್ಕೇ. ಈ ಶತಮಾನದ ನಡುವಿನ ಹೊತ್ತಿಗೆ ಬರಬಹುದಾದ ಮಟ್ಟದ ಇಂಗಾಲದಲ್ಲಿ ಬೆಳೆ ಬೆಳೆದು ನೋಡಿದ ಫಲಿತಾಂಶಗಳನ್ನು 2014ರಲ್ಲಿ ಪ್ರಕಟಿಸಿದರು. ಗೋಧಿಯಲ್ಲಿ ಸತುವು ಶೇಕಡಾ 9ರಷ್ಟು, ಕಬ್ಬಿಣ ಶೇಕಡಾ 5ರಷ್ಟು ಇಳಿದಿತ್ತು. ಅಕ್ಕಿಯಲ್ಲಿ ಕಬ್ಬಿಣ ಶೇಕಡಾ 5ರಷ್ಟು, ಪ್ರೋಟೀನು ಶೇಕಡಾ 8ರ ಹತ್ತಿರ ಕಡಿಮೆ. ಜೋಳ, ಮೆಕ್ಕೆಜೋಳಗಳಲ್ಲಿ ಈ ಇಳಿಕೆ ಅಷ್ಟಾಗಿ ಕಾಣಲಿಲ್ಲ; ಅವು ಇಂಗಾಲ ಹಿಡಿಯುವ ರೀತಿಯೇ ಬೇರೆ. ನಮ್ಮ ಧಾರವಾಡ ಕಡೆಯ ಹಿಂದಿ ಟೀಚರ್ ಇದನ್ನು ಕೇಳಿ, "ನೋಡ್ರಿ, ರೊಟ್ಟಿ ತಿನ್ನೋ ಮಂದಿ ಗಟ್ಟಿ ಅಂತ ನಾ ಮೊದ್ಲೇ ಹೇಳಿದ್ದೆ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಾರಿದರು. ಅನ್ನ ಉಣ್ಣುವ ನಾವು ಸುಮ್ಮನಿದ್ದೆವು.

ಇಷ್ಟೆಲ್ಲವನ್ನೂ ಕೊನೆಯ ಬೆಂಚಿನ ಹುಡುಗಿಗೆ ಹೇಳಿದೆ. ಅವಳಿಗೆ ಬರೀ ಮಾತು ಸಾಲಲಿಲ್ಲ. ಎಲೆಯನ್ನು ಹುಳ ತಿನ್ನುವುದು ನಿಜವೋ, ತಾನಾಗಿ ಕೊಳೆಯುವುದೋ ನೋಡಬೇಕೆಂದಳು. ವಿಜ್ಞಾನಿಗಳು ಇದಕ್ಕೆ ಬಲೆಯ ಚೀಲಗಳನ್ನು ಬಳಸುತ್ತಾರೆ. ಸಣ್ಣ ಕಣ್ಣಿನ ಬಲೆಯಲ್ಲಿ ಹುಳ ನುಸುಳಲಾರದು, ದೊಡ್ಡ ಕಣ್ಣಿನದರಲ್ಲಿ ನುಸುಳುತ್ತದೆ. ನಮ್ಮ ಮಕ್ಕಳು ಹರಿದ ಸೊಳ್ಳೆ ಪರದೆಯಿಂದ ಒಂದಷ್ಟು ಚೀಲ ಹೊಲಿದರು. ಉಳಿದವಕ್ಕೆ ಬಿಸಿಯೂಟದ ಈರುಳ್ಳಿ ಬರುವ ಜಾಳು ಚೀಲ. ಎರಡರಲ್ಲೂ ಸಮ ತೂಕದ ಒಣ ಹೊಂಗೆ ಎಲೆ ತುಂಬಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಜೂನ್ ಮಳೆಗೆ ಶಾಲೆಯ ಹಿಂದಿನ ಮರದಡಿ ಹೂತೂ ಹೂಳದಂತೆ ಇಟ್ಟರು. ಅಡುಗೆಯ ಅಕ್ಕನಿಗೆ ತಕ್ಕಡಿಯ ಮೇಲೆ ಕಸ ಇಟ್ಟರೆಂದು ಸಿಟ್ಟು ಬಂದು, ಅದನ್ನು ಮೂರು ಸಲ ತೊಳೆಸಿದರು. ದೀಪಾವಳಿ ಕಳೆದು ತೆಗೆದು ನೋಡಿದಾಗ ಪರದೆಯ ಚೀಲದ ಎಲೆ ಕಪ್ಪಾಗಿ, ಮೆದುವಾಗಿ, ಆದರೂ ಎಲೆಯಾಗಿಯೇ ಇತ್ತು. ಈರುಳ್ಳಿ ಚೀಲದಲ್ಲಿ ನಾರು, ಹಿಕ್ಕೆ, ಒಂದು ಹಿಡಿ ಮಣ್ಣು, ನಾಲ್ಕು ಎರೆಹುಳು. ಹುಡುಗಿಯರು ಕಿರಿಚಿಕೊಳ್ಳುತ್ತಾರೆಂದುಕೊಂಡಿದ್ದೆ. ಯಾರೂ ಕಿರಿಚಲಿಲ್ಲ. ಒಬ್ಬಳು ಎರೆಹುಳುವನ್ನು ಅಂಗೈ ಮೇಲಿಟ್ಟುಕೊಂಡು, "ಇದಕ್ಕೆ ಹಲ್ಲೇ ಇಲ್ಲವಲ್ಲ ಮೇಡಂ!" ಎಂದಳು.

ಏಪ್ರಿಲ್ ರಜೆಗೆ ತವರಿಗೆ ಹೋದಾಗ ಅಲ್ಲಿಯೂ ಇದೇ ಮಾತು ಬಂತು, ಬೇರೆ ದಾರಿಯಿಂದ. ಅಣ್ಣನಿಗೆ ದರಕು ಗುಡಿಸಲು ಆಳು ಸಿಗುತ್ತಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಕೊಟ್ಟಿಗೆಯಲ್ಲಿ ಎಂಟಿದ್ದ ದನ ಎರಡಾಗಿವೆ. ದರಕಿನ ಗೊಡವೆಯೇ ಬೇಡ, ಪೇಟೆಯಿಂದ ಚೀಲದ ಗೊಬ್ಬರ ತಂದು ಹಾಕಿಬಿಡುತ್ತೇನೆ ಎಂದ. ಅಮ್ಮ ಒಪ್ಪಲಿಲ್ಲ, ಬುಡಕ್ಕೆ ದರಕು ಬೀಳದ ತೋಟವನ್ನು ಅವಳು ಕಂಡವಳೇ ಅಲ್ಲ. ನನ್ನನ್ನು ಕೇಳಿದರು. ನನಗೆ ಎರಡು ಕಡೆಯದೂ ಸರಿ ಎನಿಸುತ್ತಿತ್ತು. ಚೀಲದ ಗೊಬ್ಬರ ಮರಕ್ಕೆ ಸಾರಜನಕ ಕೊಟ್ಟೀತು, ಆದರೆ ತೋಟದ ಮಣ್ಣಿನಲ್ಲಿರುವ ಹುಳಗಳಿಗೆ ಎಲೆಯೇ ಊಟ. ಅತ್ತ ನೋಡಿದರೆ, ನೂರಾರು ವರ್ಷ ಬೆಟ್ಟದ ಎಲೆಯನ್ನು ಗುಡಿಸಿ ಗುಡಿಸಿ ತೋಟಕ್ಕೆ ಉಣಿಸಿದ್ದೇವೆ, ಬೆಟ್ಟದ ಹುಳ ಏನು ಉಣ್ಣಬೇಕು? ಇನ್ನು ಮುಂದೆ ಬೀಳುವ ಎಲೆ ಹೆಚ್ಚಿದ್ದರೂ ಸಾರ ಕಡಿಮೆ ಎಂದಾದರೆ, ಅಲ್ಲಿಯೂ ಇಲ್ಲಿಯೂ ಬೇಕಾಗುವುದು ಮೊದಲಿಗಿಂತ ಹೆಚ್ಚು ತಾನೆ? ಹೀಗೆಂದು ಹೇಳಿದೆ. "ನೀನು ಮೇಷ್ಟ್ರಮ್ಮ, ಉತ್ತರ ಕೇಳಿದರೆ ಪ್ರಶ್ನೆ ಕೊಡ್ತೀಯ" ಎಂದು ಅಣ್ಣ ನಕ್ಕ.

ಪರಿಹಾರ ಹುಡುಕಿದವರು ಅತ್ತಿಗೆ. ಅಷ್ಟು ಹೊತ್ತೂ ಒಳಗೆ ಹಪ್ಪಳ ಲಟ್ಟಿಸುತ್ತಿದ್ದವರು ಹೊಸಿಲ ತನಕ ಬಂದು, "ಅರ್ಧ ಬೆಟ್ಟ ಗುಡಿಸುವ, ಅರ್ಧ ಬಿಡುವ. ಬರುವ ವರ್ಷ ಅದಲು ಬದಲು. ಅರ್ಧಕ್ಕೆ ಆಳಾದರೂ ಸಿಕ್ಕಾರು" ಎಂದರು. ಅಣ್ಣ ಲೆಕ್ಕ ಹಾಕಿ ನೋಡಿ ಹೂಂ ಎಂದ. ಅಮ್ಮ ಮೇಲಿನ ಅರ್ಧವನ್ನೇ ಮೊದಲು ಬಿಡಬೇಕೆಂದು ಹಟ ಹಿಡಿದಳು. ಅಲ್ಲಿಂದ ಮಳೆನೀರು ಕೆಳಗಿಳಿಯುವುದರಿಂದ ಅದಕ್ಕೇ ಮೊದಲು ಸಲ್ಲಬೇಕಂತೆ. ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ನಾನೂ ಅತ್ತಿಗೆಯೂ ಬೆಟ್ಟ ಹತ್ತಿದೆವು. ಗಡಿ ಗೊತ್ತಾಗಲೆಂದು ಅತ್ತಿಗೆ ಹಳೆಯ ಕೆಂಪು ಸೀರೆಯ ಅಂಚನ್ನು ಹರಿದು ಮತ್ತಿಮರದಿಂದ ಮತ್ತಿಮರಕ್ಕೆ ಕಟ್ಟುತ್ತ ಹೋದರು. ನಾನು ಹಿಂದಿನಿಂದ ತುಂಡುಗಳನ್ನು ಕೊಡುತ್ತ ಹೋದೆ. ಒಂಬತ್ತು ಮರಕ್ಕೆ ಸಾಕಾಯಿತು. ಹತ್ತನೆಯದಕ್ಕೆ ನನ್ನ ಕರ್ಚೀಫು ಕಟ್ಟಿ ಬಂದಿದ್ದೇವೆ.